ಬಾಣಂತಿ ನೀರಿಗೆ ನೆಲದ ಬಿಸಿ

ಪಿಕಾಸಿ ಬೀಸಿದೆ. ಕಿಡಿ ಹಾರಿತು. ಮಣ್ಣು ಮಾತ್ರ ಒಂದು ಬೊಗಸೆಯಷ್ಟೂ ಎದ್ದು ಬರಲಿಲ್ಲ.

"ಸಂಜೆಯೊಳಗೆ ಗುಂಡಿ ಮುಚ್ಚಿರ್ಬೇಕು ನೋಡು" ಎಂದು ಅಮ್ಮ ಜಗಲಿಯಿಂದ ಕೂಗಿದಳು. "ನಿಮ್ಮಕ್ಕ ನಾಳೆ ಬರ್ತಾಳೆ. ಬಸುರಿ ಮನೇಲಿದ್ರೆ ನೆಲ ಅಗೀಬಾರ್ದು."

"ಗೊತ್ತಮ್ಮ."

"ಗೊತ್ತು ಗೊತ್ತು ಅಂತಾನೇ ಮಧ್ಯಾಹ್ನ ಆಯ್ತು. ಇನ್ನೂ ಮೊಣಕಾಲುದ್ದ ಆಗಿಲ್ಲ."

ಗುಂಡಿಯ ಆ ಕಡೆ ಲುಂಗಿ ಎತ್ತಿ ಕಟ್ಟಿ ನಿಂತಿದ್ದ, ನನಗೆ ಕೆಲಸ ಕಲಿಸಿದ ಉಸ್ತಾದ್ ಬೆವರು ಒರೆಸಿಕೊಂಡರು. "ತಾಯಿ, ಇದು ನೆಲ ಅಲ್ಲ, ಕಬ್ಬಿಣ. ಇದಕ್ಕೆ ಪಿಕಾಸಿ ಸಾಲಲ್ಲ, ಗ್ಯಾಸ್ ಕಟರ್ ಬೇಕು."

"ಏನಾದ್ರೂ ತನ್ನಿ ಸಾಬ್ರೇ. ಸಂಜೆಗೆ ಮುಚ್ಚಿ."

ಉಸ್ತಾದ್ ಹೇಳಿದ್ದು ಸುಳ್ಳಲ್ಲ. ನಮ್ಮ ಮನೆ ಇರುವುದು ಭದ್ರಾವತಿಯಲ್ಲಿ, ಹಿಂದೆ ಗದ್ದೆಯಾಗಿದ್ದ ತಗ್ಗಿನಲ್ಲಿ. ಮನೆ ಕಟ್ಟುವ ಮುಂಚೆ ಅಪ್ಪ ಟ್ರ್ಯಾಕ್ಟರ್‌ಗಟ್ಟಲೆ ಕಾರ್ಖಾನೆಯ ಕಿಟ್ಟ ತರಿಸಿ ಸೈಟು ತುಂಬಿಸಿದ್ದ. ಕಬ್ಬಿಣ ಕರಗಿಸಿ ತೆಗೆದ ಮೇಲೆ ಉಳಿಯುವ ಕರಿ ಕಲ್ಲು ಅದು. ಮೈತುಂಬ ತೂತು, ಆದರೂ ಗಟ್ಟಿ. ನಮ್ಮ ಬೀದಿಯಲ್ಲಿ ಎಲ್ಲರ ಅಂಗಳವೂ ಅದೇ. ಅಪ್ಪ ಈಗ ಇಲ್ಲ. ಕಿಟ್ಟ ಇದೆ.

ಯಾಕೆ ಅಗೆಯುತ್ತಿದ್ದೆವು ಅಂದರೆ, ಅಕ್ಕನಿಗೆ ಅದು ಚೊಚ್ಚಲ ಹೆರಿಗೆ. ಚೊಚ್ಚಲ ಬಾಣಂತನ ತವರುಮನೆಯಲ್ಲಿ ಆಗಬೇಕು. ಬಾಣಂತನ ಅಂದರೆ ಮುಖ್ಯವಾಗಿ ನೀರು. ದಿನಾ ಬೆಳಿಗ್ಗೆ ಬಾಣಂತಿಗೆ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಸುಡು ಸುಡು ನೀರನ್ನು ಬೆನ್ನಿಗೆ, ಸೊಂಟಕ್ಕೆ ಬೀಸಿ ಹೊಡೆಯಬೇಕು. ಆಮೇಲೆ ಮಗುವಿನ ಸ್ನಾನ. ಆ ನೀರು ಕಾಯುವುದು ಬಚ್ಚಲ ಒಲೆಯಲ್ಲಿ, ಸೌದೆ, ತೆಂಗಿನ ಸಿಪ್ಪೆ ಉರಿಸಿ. ಬಚ್ಚಲು ತುಂಬಾ ಹೊಗೆ. ಅಮ್ಮನಿಗೆ ದಮ್ಮು. ಹೊಗೆ ಇರುವ ಕಡೆ ತಲೆ ಹಾಕಲೇಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಒಂದು ಸಲ ಮಾತು ಮೀರಿ ಒಲೆ ಊದಲು ಹೋಗಿ, ಉಸಿರು ಸಿಕ್ಕದೆ ಬಚ್ಚಲ ಬಾಗಿಲಲ್ಲೇ ಕುಸಿದು ಕೂತಿದ್ದಳು.

ಇದು ಅಕ್ಕನ ಅತ್ತೆಗೆ ಗೊತ್ತಿತ್ತು. ಅವರ ಮನೆ ಶಿವಮೊಗ್ಗದಲ್ಲಿ. ಸೀಮಂತದ ದಿನ ಊಟವಾದ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಅಮ್ಮನಿಗೆ ಹೇಳಿದರು, "ಬೀಗ್ರೇ, ಹೆರಿಗೆ ತನಕ ನಿಮ್ಮಲ್ಲೇ ಇರ್ಲಿ. ಬಾಣಂತನ ಮಾತ್ರ ನಾವೇ ಮಾಡ್ತೀವಿ. ನಿಮ್ಗೆ ಉಸಿರಿನ ತೊಂದ್ರೆ. ಬಚ್ಚಲ ಒಲೆ ಮುಂದೆ ನೀವು ಕೂರೋಕಾಗುತ್ತಾ?"

ಅವರು ಕುಹಕದಿಂದ ಹೇಳಲಿಲ್ಲ. ಒಳ್ಳೆಯದಕ್ಕೇ ಹೇಳಿದರು. ಆದರೂ ವಾಪಸ್ ಬರುವ ಬಸ್ಸಿನಲ್ಲಿ ಅಮ್ಮ ಕಿಟಕಿ ಕಡೆ ತಿರುಗಿ ಕೂತಳು. ಮಲವಗೊಪ್ಪ ದಾಟಿದ ಮೇಲೆ, "ಇರೋಳು ಒಬ್ಳೇ ಮಗಳು. ಅವ್ಳ ಮಗೂನ ಕಾಲ್ಮೇಲೆ ಹಾಕ್ಕೊಂಡು ನೀರು ಹಾಕೋ ಭಾಗ್ಯ ನಂಗಿಲ್ಲ ಬಿಡು" ಎಂದಳು.

"ಹೊಗೆ ಇಲ್ದೆ ನೀರು ಕಾಯಿಸ್ಕೊಡ್ತೀನಿ. ಸುಮ್ನಿರು" ಎಂದೆ.

ಹೇಳಿದ್ದು ಹೇಳಿಬಿಟ್ಟೆ. ಮಾಡುವುದು ಹೇಗೆ ಅಂತ ಆಮೇಲೆ ಯೋಚಿಸಿದೆ. ನಮ್ಮ ಬೀದಿಯ ಕರೆಂಟಿಗೆ ದೊಡ್ಡ ಗೀಸರ್ ಹಾಕಿದರೆ ಮನೆಯ ಬಲ್ಬು ಮಿಣುಕು ಹುಳ ಆಗುತ್ತದೆ. ನಮ್ಮದು ಶೀಟಿನ ಮಾಡು, ಸೋಲಾರ್ ಟ್ಯಾಂಕಿನ ಭಾರ ತಡೆಯುವುದಿಲ್ಲ. ಗ್ಯಾಸ್ ಗೀಸರನ್ನು ಕಿಟಕಿಯಿಲ್ಲದ ನಮ್ಮ ಬಚ್ಚಲಲ್ಲಿ ಹಾಕಲು ನನಗೇ ಧೈರ್ಯವಿಲ್ಲ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮಾಚೇನಹಳ್ಳಿಯಲ್ಲಿ ಉಸ್ತಾದರ ಫ್ರಿಜ್ಜು, ಎಸಿ ರಿಪೇರಿ ಶೆಡ್ಡಿಗೆ ಸೇರಿದವನು. ಆ ಶೆಡ್ಡಿನ ಮೂಲೆಯಲ್ಲಿ ಒಂದು ಹೀಟ್ ಪಂಪ್ ಬಿದ್ದಿತ್ತು. ಶಿವಮೊಗ್ಗದ ಯಾವುದೋ ಲಾಡ್ಜಿನವರು ಗುಜರಿಗೆ ಹಾಕಿದ್ದು.

ಹೀಟ್ ಪಂಪ್ ದೊಡ್ಡ ವಿದ್ಯೆಯೇನಲ್ಲ. ಫ್ರಿಜ್ಜು ಒಳಗಿನ ಬಿಸಿಯನ್ನು ಎಳೆದು ಹಿಂದುಗಡೆ ಬಿಸಾಕುತ್ತದೆ. ಇದು ಹೊರಗಿನ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಹಾಕುತ್ತದೆ. ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ. ಹೊರುವ ಕೂಲಿಗೆ ಸ್ವಲ್ಪ ಕರೆಂಟು ಸಾಕು.

ಕೇಳಿದಾಗ ಉಸ್ತಾದ್, "ತಗೊಂಡ್ ಹೋಗು. ನಿಮ್ಮಕ್ಕ ನಂಗೂ ಬೇಟಿ ಇದ್ದಂಗೆ" ಎಂದರು. ಉಸಿರು ಬಿಟ್ಟು ಮತ್ತೆ, "ಆದ್ರೆ ಗಿರಾಕಿ ಕೆಲಸದ ಟೈಮಲ್ಲಿ ಅದನ್ನ ಮುಟ್ಟಿದ್ರೆ ಕೈ ಮುರೀತೀನಿ" ಎಂದರು.

ಕಂಪ್ರೆಸರ್ ಚೆನ್ನಾಗಿತ್ತು. ಪೈಪಿನಲ್ಲಿ ಸೋರುತ್ತಿದ್ದುದನ್ನು ಬೆಸೆದು, ಗ್ಯಾಸು ತುಂಬಿ, ಮನೆಗೆ ತಂದು ಬಚ್ಚಲ ಗೋಡೆಯ ಹೊರಗೆ ನಿಲ್ಲಿಸಿದೆ. ಮಧ್ಯಾಹ್ನ ಓಡಿಸಿದರೆ ಟ್ಯಾಂಕಿನ ನೀರಿಗೆ ಕೈಯಿಡಲು ಆಗಲಿಲ್ಲ. ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಚಳಿಗಾಲ ಶುರುವಾಯಿತು. ಬೆಳಿಗ್ಗೆ ಎದುರುಮನೆಯೂ ಕಾಣದಂಥ ಮಂಜು. ಆ ಗಾಳಿಯಲ್ಲಿ ಎಳೆಯಲು ಬಿಸಿ ಎಲ್ಲಿಂದ ಬರಬೇಕು? ಮಷೀನು ಗೊರ್ ಗೊರ್ ಎನ್ನುತ್ತಾ ಓಡುತ್ತಲೇ ಇರುತ್ತಿತ್ತು. ಗಾಳಿ ಎಳೆಯುವ ಕಡೆಯ ಕಾಯಿಲ್, ಅಂದರೆ ತಾಮ್ರದ ಸುರುಳಿ ಕೊಳವೆಯ ಮೇಲೆ ಬಿಳಿ ಹಿಮ ಕಟ್ಟುತ್ತಿತ್ತು. ನೀರು ಮಾತ್ರ ಉಗುರುಬೆಚ್ಚಗೆ. ಬೀದಿಯ ಬಾಣಂತಿಯರಿಗೆಲ್ಲ ನೀರು ಹಾಕುವ ಒಬ್ಬ ಮುದುಕಿ ಇದ್ದಾರೆ. ಕಾರ್ಖಾನೆ ಕೆಲಸಕ್ಕೆ ಎಂದೋ ಬಂದ ತಮಿಳರ ಮನೆಯವರು. ತಮಿಳಲ್ಲಿ ಅಜ್ಜಿಗೆ ಪಾಟಿ ಅನ್ನುತ್ತಾರೆ. ನಮಗೂ ಅವರು ಪಾಟಿಯೇ. ಒಂದು ಬೆಳಿಗ್ಗೆ ಕರೆದು ನೀರು ತೋರಿಸಿದೆವು. ಪಾಟಿ ಮೊಣಕೈತನಕ ಅದ್ದಿ ತೆಗೆದರು.

"ಏನ್ ಕಣ್ಣು, ಇದ್ರಲ್ಲಿ ಬಾಣಂತಿನ ಕೂರಿಸ್ತೀಯಾ? ಎಮ್ಮೆ ತೊಳೆದ್ರೆ ಎಮ್ಮೇನೇ ಬಯ್ಯುತ್ತೆ." ತಮಿಳಿನ ಮುದ್ದಿನಲ್ಲಿ ಪಾಟಿಗೆ ಬೀದಿಯ ಮಕ್ಕಳೆಲ್ಲ 'ಕಣ್ಣು'.

ಅಮ್ಮ ಆ ನೀರನ್ನು ಬಕೆಟ್ಟಿಗೆ ಬಿಟ್ಟುಕೊಂಡು ಪಾತ್ರೆ ತೊಳೆಯಲು ಒಯ್ದಳು. ಅದೇ ನನಗೆ ಜಾಸ್ತಿ ಚುಚ್ಚಿತು.

ಮರುದಿನ ಶೆಡ್ಡಿನಲ್ಲಿ ಹೇಳಿಕೊಂಡೆ. ಉಸ್ತಾದ್ ಚಹಾ ಕುಡಿಯುತ್ತಾ, "ಬೆಳಿಗ್ಗೆ ನಮಾಜಿಗೆ ವುಜೂ ಮಾಡ್ತೀನಲ್ಲ, ಕೈ ಕಾಲು ತೊಳಿಯೋದು" ಎಂದರು. "ಮೇಲಿನ ಟ್ಯಾಂಕ್ ನೀರು ಮುಟ್ಟಿದ್ರೆ ಬೆರಳು ಕಡೀತೈತೆ. ಬಾವಿಯಿಂದ ಆಗಷ್ಟೇ ಸೇದಿದ್ ನೀರು ಬೆಚ್ಚಗಿರ್ತೈತೆ. ಯಾಕೆ ಹೇಳು?"

"ನೆಲದ ಒಳಗೆ ಚಳಿ ಇಳಿಯಲ್ಲ."

"ಮತ್ತೆ ಗಾಳಿ ಹತ್ರ ಯಾಕೆ ಭಿಕ್ಷೆ ಬೇಡ್ತೀಯ? ನೆಲದ್ ಹತ್ರ ಕೇಳು."

ಹಾಗೆ ಬಂತು ಈ ಅಗೆಯುವ ಕೆಲಸ. ಮಷೀನಿನ ಫ್ಯಾನು ಕಿತ್ತೆ. ಕಾಯಿಲನ್ನು ಪ್ಲಾಸ್ಟಿಕ್ ಡ್ರಮ್ಮಿನ ನೀರಲ್ಲಿ ಮುಳುಗಿಸಿದೆ. ತೋಟಕ್ಕೆ ಹಾಕುವ ಕಪ್ಪು ಪೈಪನ್ನು ಸುರುಳಿಯಾಗಿ ನೆಲದಲ್ಲಿ ಹೂತು, ಡ್ರಮ್ಮಿನ ನೀರು ಆ ಪೈಪಿನಲ್ಲಿ ಸುತ್ತಿಕೊಂಡು, ನೆಲದ ಬಿಸಿ ಕುಡಿದು ವಾಪಸ್ ಬರುವ ಹಾಗೆ ಸಣ್ಣ ಪಂಪು ಇಡುವುದು. ಎಲ್ಲಿ ಹೂಳುವುದು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಜಗಳವೇ ಇರಲಿಲ್ಲ. ಮುಂದಿನ ಅಂಗಳದಲ್ಲಿ ಜಾಗವಿತ್ತು, ಬಿಸಿಲೂ ಬೀಳುತ್ತಿತ್ತು. ಮೇಲಾಗಿ ಕಿಟ್ಟ. ಬೇಸಿಗೆಯಲ್ಲಿ ಚಪ್ಪಲಿಯಿಲ್ಲದೆ ಆ ಅಂಗಳಕ್ಕೆ ಇಳಿದರೆ ಅಂಗಾಲಲ್ಲಿ ಬೊಬ್ಬೆ ಏಳುತ್ತದೆ. "ಭಟ್ಟೀಲಿ ಕುದ್ದು ಬಂದಿರೋ ಕಲ್ಲು. ಬಿಸಿ ಹಿಡ್ಕೊಳ್ಳೋದು ಇದಕ್ಕೆ ಹೇಳಿಕೊಡ್ಬೇಕಾ?" ಎಂದರು ಉಸ್ತಾದ್. ನಾನೂ ಹೌದೆಂದೆ. ಬೀದಿಯವರೂ ಹೌದೆಂದರು. ಭದ್ರಾವತಿಯಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಹೌದೆಂದೇ ಅನ್ನುತ್ತಿದ್ದರು.

ಸಂಜೆಯೊಳಗೆ ಹೇಗೋ ಸೊಂಟದುದ್ದ ಆಯಿತು. ಪೈಪು ಇಟ್ಟು ಮುಚ್ಚಿದೆವು. ಅಂಗೈಯಲ್ಲಿ ಚರ್ಮ ಉಳಿದಿರಲಿಲ್ಲ.

ಮರುದಿನ ಅಕ್ಕ ಬಂದಳು. ಹೊಟ್ಟೆ ಮುಂದೆ, ಅವಳು ಹಿಂದೆ. ಅವಳಿಗೆ ಬಚ್ಚಲ ಹಿಂದಿನ ಕೆಸುವಿನ ಎಲೆಯ ಪತ್ರೊಡೆ ಬೇಕು, ಹುರಿದ ಅವಲಕ್ಕಿ ಬೇಕು, ನನ್ನನ್ನು ಆಡಿಕೊಳ್ಳುವುದೂ ಬೇಕು.

ಮೊದಲೆರಡು ಬೆಳಿಗ್ಗೆ ನೀರು ಚೆನ್ನಾಗಿ ಕಾಯಿತು. ನಾನು ಎದೆ ಸೆಟೆದು ಓಡಾಡಿದೆ. ಆಮೇಲೆ ದಿನಾ ಒಂದೊಂದು ಚೂರು ತಣ್ಣಗಾಗುತ್ತಾ ಬಂತು. ವಾರ ಕಳೆಯುವುದರೊಳಗೆ ಡ್ರಮ್ಮಿನ ನೀರು ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ನೆಲಕ್ಕೆ ಹೋಗಿ ಬಂದರೂ ಅದಕ್ಕೆ ಬಿಸಿ ಹತ್ತುತ್ತಿರಲಿಲ್ಲ.

"ಲೋ, ಈ ಮಷೀನ್‌ಗೆ ಸ್ವಲ್ಪ ಹಾಲು ಸಕ್ಕರೆ ಹಾಕೋ. ಐಸ್‌ಕ್ರೀಮ್ ಆದ್ರೂ ಆಗ್ಲಿ" ಎಂದಳು ಅಕ್ಕ.

"ಮುಚ್ಕೊಂಡು ಅವಲಕ್ಕಿ ತಿನ್ನು."

"ನಮ್ಮತ್ತೆ ಫೋನ್ ಮಾಡಿದ್ರು ಕಣೋ" ಎಂದು ದನಿ ಇಳಿಸಿದಳು. "ನೀರಿನ ವ್ಯವಸ್ಥೆ ಆಯ್ತಾ ಅಂತ ಕೇಳಿದ್ರು. ಆಯ್ತು ಅಂದಿದೀನಿ. ನಂಗಿಲ್ಲೇ ಇರ್ಬೇಕು. ಅಮ್ಮ ನೋಡು ಹೆಂಗಿದಾಳೆ ಅಂತ. ಹಳೇ ಸೀರೆ ಹರಿದು ಮಗೂಗೆ ಬಟ್ಟೆ ಮಡಚಿಡ್ತಾಳೆ, ಮತ್ತೆ ಬಿಚ್ತಾಳೆ, ಮತ್ತೆ ಮಡಚ್ತಾಳೆ."

ಆ ದಿನ ಶೆಡ್ಡಿನಲ್ಲಿ ಹಳೆಯ ಫ್ರಿಜ್ಜಿನ ಬಾಗಿಲು ಒಡೆಯುತ್ತಿದ್ದೆ. ಒಳಗಿನ ಹಳದಿ ಫೋಮ್ ಕೈಗೆ ಬಂತು. ತುಂಬಾ ಸಣ್ಣ ಸಣ್ಣ ತೂತು, ತೂತಿನೊಳಗೆ ಗಾಳಿ. ಅದಕ್ಕೇ ತಾನೇ ಬಿಸಿ ಆ ಕಡೆಯಿಂದ ಈ ಕಡೆಗೆ ದಾಟುವುದಿಲ್ಲ. ಅದನ್ನು ಹಿಡಿದು ಹಾಗೇ ಕೂತೆ.

"ಉಸ್ತಾದ್, ಕಿಟ್ಟದ ಮೈಯಲ್ಲೂ ಹಿಂಗೇ ತೂತು."

ಅವರು ಫೋಮ್ ನೋಡಿದರು, ನನ್ನನ್ನು ನೋಡಿದರು. "ಹೋಯ್ತು. ನಾವು ಪೈಪನ್ನ ಥರ್ಮಾಕೋಲಲ್ಲಿ ಹೂತಿದೀವಿ" ಎಂದರು.

ಬೇಸಿಗೆಯಲ್ಲಿ ಕಾಲು ಸುಡುವುದೂ ಅದಕ್ಕೇ. ಬಿಸಿಲಿನ ಬಿಸಿ ಕೆಳಗೆ ಇಳಿಯುವುದಿಲ್ಲ, ಮೇಲೇ ನಿಲ್ಲುತ್ತದೆ. ಪೈಪಿನ ಸುತ್ತ ಇದ್ದ ಚೂರು ಬಿಸಿಯನ್ನು ಮಷೀನು ಎರಡು ದಿನದಲ್ಲಿ ಹೀರಿತು. ದೂರದ ಬಿಸಿ ಒಣ ಕಿಟ್ಟದಲ್ಲಿ ನಡೆದು ಬರಲಿಲ್ಲ. ಒದ್ದೆ ಮಣ್ಣು ಆಗಿದ್ದರೆ ಬರುತ್ತಿತ್ತು. ಆದರೆ ನಮ್ಮ ಸೈಟಿನಲ್ಲಿ ಎಲ್ಲಿ ನೋಡಿದರೂ ಕಿಟ್ಟವೇ.

ಎಲ್ಲಿ ನೋಡಿದರೂ ಅಂದುಕೊಂಡಿದ್ದು ತಪ್ಪು ಅಂತ ತೋರಿಸಿದವಳು ಅಮ್ಮ. ಒಂದು ಬೆಳಿಗ್ಗೆ ಕೆಸುವಿನ ಎಲೆ ಕೊಯ್ಯಲು ಬರಿಗಾಲಲ್ಲಿ ಬಚ್ಚಲ ಹಿಂದೆ ಹೋದವಳು ಅಲ್ಲಿಂದಲೇ ಕೂಗಿದಳು.

"ಲೋ, ಬಾ ಇಲ್ಲಿ. ಚಪ್ಪಲಿ ಬಿಟ್ಟು ಬಾ."

"ಕೆಸರಮ್ಮ ಅಲ್ಲಿ."

"ಕೆಸರಿಗೇ ಬಾ ಅಂದಿದ್ದು. ಕಾಲಿಡು."

ಇಟ್ಟೆ. ಬೆಚ್ಚಗಿತ್ತು. ಸ್ನಾನದ ನೀರೆಲ್ಲ ಹೋಗಿ ಇಂಗುವ ಜಾಗ ಅದು. ಅಪ್ಪ ನೀರು ಹರಿದು ಹೋಗಲೆಂದು ಅಷ್ಟು ಜಾಗವನ್ನು ಮಾತ್ರ ತುಂಬಿಸದೆ ತಗ್ಗಾಗಿ ಬಿಟ್ಟಿದ್ದ. ಹಳೇ ಗದ್ದೆ ಮಣ್ಣು, ವರ್ಷವಿಡೀ ಒದ್ದೆ. ಅದೂ ಸಾಲದು ಅಂತ ದಿನಾ ನಾವು ಬಿಸಿನೀರು ಹುಯ್ಯುತ್ತಿದ್ದೆವು. ಸ್ನಾನದಲ್ಲಿ ನಾವು ಚೆಲ್ಲಿದ ಬಿಸಿಯೆಲ್ಲ ಅಲ್ಲೇ ಕೂತಿತ್ತು.

"ಅಮ್ಮ, ಇಲ್ಲೇ ಹೂಳ್ಬೇಕು!"

ಹೇಳಿದ ತಕ್ಷಣ ಇಬ್ಬರೂ ಅಡುಗೆಮನೆಯ ಕಡೆ ನೋಡಿದೆವು. ಅಕ್ಕ ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದಳು.

"ಆಗಲ್ಲ" ಎಂದಳು ಅಮ್ಮ. "ಬಸುರಿ ಮನೇಲಿದಾಳೆ."

ನಾನು ಗೋಗರೆದೆ, ಕೂಗಾಡಿದೆ. ಅದೆಲ್ಲ ಮೂಢನಂಬಿಕೆ ಎಂದೆ. "ಇರ್ಬಹುದು. ಆದ್ರೂ ನನ್ ಮಗಳ ಹೊಟ್ಟೆ ಮೇಲೆ ನಿನ್ ಪರೀಕ್ಷೆ ಬೇಡ" ಎಂದಳು. ಪಿಕಾಸಿ ಒರಗಿಸಿಟ್ಟೆ.

ನಾವು ಕಾಯುತ್ತಾ ಕೂತೆವು. ಬಸುರಿಯ ಹೆರಿಗೆಗೆ ಮನೆಯವರೆಲ್ಲ ಕಾಯುತ್ತಾರೆ, ಗುದ್ದಲಿ ಹಿಡಿದು ಕಾದವನು ನಾನೊಬ್ಬನೇ ಇರಬೇಕು. ಒಂದು ಬೆಳಿಗ್ಗೆ ಅಕ್ಕನಿಗೆ ನೋವು ಕಾಣಿಸಿತು. ಭಾವ ಕಾರು ತಂದರು. ಶಿವಮೊಗ್ಗದ ಆಸ್ಪತ್ರೆಗೆ ಹೊರಟರು. ಅಮ್ಮ ಕಾರು ಹತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಹೆರಿಗೆ ಆಗೋವರ್ಗೂ ಮಣ್ಣು ಮುಟ್ಬೇಡ. ನಾನೇ ಫೋನ್ ಮಾಡ್ತೀನಿ."

ನೋವು ತಿನ್ನುತ್ತಿದ್ದ ಅಕ್ಕ ಆ ಸ್ಥಿತಿಯಲ್ಲೂ ನಕ್ಕಳು.

ಸುದ್ದಿ ಕೇಳಿ ಉಸ್ತಾದ್ ಶೆಡ್ಡಿಗೆ ಬೀಗ ಹಾಕಿ ಬಂದರು. ಇಬ್ಬರೂ ಕೆಸುವಿನ ಗಿಡಗಳ ಪಕ್ಕ ಕಲ್ಲಿನ ಮೇಲೆ ಕೂತೆವು. ಬಿಸಿಲೇರಿತು.

"ಮನೇಲಿ ಈಗ ಬಸುರಿ ಎಲ್ಲಿದಾಳೆ? ಶಿವಮೊಗ್ಗದಲ್ಲಿದಾಳೆ. ಶುರು ಮಾಡು" ಎಂದರು ಉಸ್ತಾದ್.

"ಅಮ್ಮ ಬೇಡ ಅಂದಿದಾಳೆ."

"ಅರೆ, ನಿಮ್ಮಮ್ಮನಿಗೆ ಅಲ್ಲಿಂದ ಕಾಣ್ತೈತಾ?"

"ಕಾಣುತ್ತೆ."

ಅವರು ಎತ್ತಿದ್ದ ಸಲಿಕೆ ಕೆಳಗಿಟ್ಟರು.

ಮಧ್ಯಾಹ್ನ ಫೋನು ಹೊಡೆದುಕೊಂಡಿತು. ಅಮ್ಮನ ದನಿ ಕಾರಿಡಾರಿನ ಗಲಾಟೆಯ ನಡುವೆ ಕಿರುಚಿತು.

"ಹೆಣ್ಣು ಮಗು! ಇಬ್ರೂ ಚೆನ್ನಾಗಿದಾರೆ. ಅಗಿ!"

ಅಗೆದೆವು. ಕಿಟ್ಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಬೆಣ್ಣೆಯ ಹಾಗೆ ಬಂತು. ಆದರೆ ತೆಗೆದಷ್ಟೂ ಕುಸಿಯುತ್ತಿತ್ತು, ತಳದಲ್ಲಿ ನೀರು ಒಸರುತ್ತಿತ್ತು. ಎಷ್ಟೋ ವರ್ಷದ ಸೋಪು, ಸೀಗೆಪುಡಿ, ಎಣ್ಣೆ ಜಿಡ್ಡು ಸೇರಿದ ಕರೀ ಕೆಸರು. ವಾಸನೆ ಬೇರೆ. ಕಡೆಗೆ ಅಡಿಕೆ ಮರ ಸೀಳಿದ ದಬ್ಬೆ ತಂದು ಅಕ್ಕಪಕ್ಕ ನಿಲ್ಲಿಸಿ ಕುಸಿಯದಂತೆ ತಡೆದೆವು. ಸೊಂಟದವರೆಗೆ ಕೆಸರಲ್ಲಿ ನಿಂತಿದ್ದಾಗ ಪಾಟಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಇಣುಕಿದರು.

"ಮಗು ಹುಟ್ಟಿದೆ, ಮಾವ ಹೋಗಿ ಮುಖ ನೋಡೋದು ಬಿಟ್ಟು ಚರಂಡೀಲಿ ಏನ್ ಹುಡುಕ್ತಿದೀಯಾ?"

"ಬಿಸಿನೀರು, ಪಾಟಿ."

"ಬುದ್ಧಿ ಕೆಟ್ಟಿದೆ ಇವನ್ಗೆ" ಎಂದು ಉಸ್ತಾದರಿಗೆ ಹೇಳಿದರು. ಉಸ್ತಾದ್ ಕೆಸರಿನ ಕೈಯಲ್ಲೇ ಸಲಾಂ ಮಾಡಿದರು.

ಅಂಗಳದ ಪೈಪನ್ನು ಅಲ್ಲೇ ಬಿಟ್ಟು, ಇಲ್ಲಿಗೆ ಹೊಸ ಪೈಪು ಇಳಿಸಿ, ಅದೇ ಮಣ್ಣು ಮುಚ್ಚಿ, ಕೆಸುವಿನ ಗೆಡ್ಡೆಗಳನ್ನು ಮತ್ತೆ ನೆಟ್ಟು, ಮಷೀನು ಹಾಕಿದೆವು. ಮಾರನೆಯ ಬೆಳಿಗ್ಗೆ ಮಂಜಿನಲ್ಲೇ ನೀರು ಚೆನ್ನಾಗಿ ಕಾಯಿತು. ಆದರೆ ಕಿಟ್ಟವೂ ಮೊದಲೆರಡು ದಿನ ಹಾಗೇ ಆಸೆ ತೋರಿಸಿತ್ತು. ಅದಕ್ಕೇ ನಂಬಲಿಲ್ಲ. ಬಾಣಂತಿ ಬಂದರೆ ಎಷ್ಟು ನೀರು ಖರ್ಚಾಗುತ್ತದೋ ಅಷ್ಟನ್ನು ದಿನಾ ನಾನೇ ಖರ್ಚು ಮಾಡಿ ನೋಡಬೇಕು ಎಂದುಕೊಂಡೆ. ಬೆಳಿಗ್ಗೆ ಸ್ನಾನ, ಮಧ್ಯಾಹ್ನ ಸ್ನಾನ, ಸಂಜೆ ಸ್ನಾನ. ಉಸ್ತಾದರನ್ನೂ ಕರೆದು ಮಾಡಿಸಿದೆ. "ಮದುವೆ ದಿನ ಕೂಡ ನಾನು ಇಷ್ಟು ತಿಕ್ಕೊಂಡಿರ್ಲಿಲ್ಲ" ಎಂದರು ಅವರು. ಮುಟ್ಟಿದರೆ ಡ್ರಮ್ಮಿನ ನೀರು ಮೊದಲ ದಿನ ಹೇಗಿತ್ತೋ ಹಾಗೇ. ನೆಲ ಕೊಡುತ್ತಿತ್ತು, ನಾವು ಚೆಲ್ಲಿದ್ದನ್ನು ತಿರುಗಿ ತೆಗೆದುಕೊಳ್ಳುತ್ತಿತ್ತು. ಮಷೀನು ಮೊದಲಿನ ಹಾಗೆ ಗಂಟೆಗಟ್ಟಲೆ ಒದ್ದಾಡದೆ ಬೇಗ ಕೆಲಸ ಮುಗಿಸಿ ತಾನೇ ನಿಲ್ಲುತ್ತಿತ್ತು.

ಡಿಸ್ಚಾರ್ಜ್ ದಿನ ಅಮ್ಮ ಮತ್ತೆ ಫೋನ್ ಮಾಡಿದಳು. "ಬೀಗಿತ್ತಿ ಕೇಳ್ತಿದಾರೆ, ಕಾರು ಎತ್ಲಾಗೆ ತಿರುಗಿಸ್ಬೇಕು ಅಂತ" ಎಂದಳು. ದನಿ ಸಣ್ಣಗಿತ್ತು.

"ಭದ್ರಾವತಿಗೆ" ಎಂದೆ.

ಕಾರಿನಲ್ಲಿ ಅಕ್ಕನ ಅತ್ತೆಯೂ ಬಂದರು. ಕಣ್ಣಾರೆ ನೋಡದೆ ಬಿಡುವವರಲ್ಲ. ಬಚ್ಚಲು ನೋಡಿದರು. ತಣ್ಣಗೆ ಕೂತಿದ್ದ ಒಲೆ ನೋಡಿದರು. "ಬೆಳಿಗ್ಗೆ ಚಳೀಲಿ ನೋಡೋಣ. ಸರಿ ಹೋಗ್ಲಿಲ್ಲ ಅಂದ್ರೆ ನಾಳೇನೇ ಕರ್ಕೊಂಡ್ ಹೋಗ್ತೀನಿ. ಬೇಜಾರು ಮಾಡ್ಕೋಬಾರ್ದು" ಎಂದು ಅಲ್ಲೇ ಉಳಿದರು.

ಮರುದಿನ ಆ ವರ್ಷದಲ್ಲೇ ನಾನು ಕಂಡಿರದಂಥ ಮಂಜು. ಪಾಟಿ ಕಂಬಳಿ ಹೊದ್ದು ಬಂದರು. ಅಕ್ಕನಿಗೆ ಎಣ್ಣೆ ತಿಕ್ಕಿ ಮಣೆಯ ಮೇಲೆ ಕೂರಿಸಿದರು. ನಾನು ಬಚ್ಚಲ ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ಒಳಗೆ ನಲ್ಲಿ ತಿರುಗಿಸಿದ ಸದ್ದು. ಹಂಡೆ ತುಂಬಿತು. ಪಾಟಿ ಕೈ ಅದ್ದಿದರು ಅಂತ ಕಾಣುತ್ತದೆ. "ಅಯ್ಯಯ್ಯೋ!" ಎಂದರು.

ಮತ್ತೆ ತಣ್ಣಗಾಗಿದೆ, ಎಲ್ಲ ಕೆಟ್ಟಿತು ಅಂದುಕೊಂಡೆ.

"ಯಾರಾದ್ರೂ ಒಂದ್ ಕೊಡ ತಣ್ಣೀರು ತನ್ನಿ. ಕೈ ಬೆಂದೋಯ್ತು ನಂದು!"

ನಾನು ಓಡಿ ಹೋಗಿ ತಣ್ಣೀರು ತಂದು ಬಾಗಿಲಲ್ಲಿಟ್ಟೆ. ಇಷ್ಟು ಖುಷಿಯಿಂದ ನಾನು ಯಾವತ್ತೂ ನೀರು ಹೊತ್ತಿರಲಿಲ್ಲ. ಆಮೇಲೆ ಚೊಂಬಿನಿಂದ ನೀರು ಬೀಸಿ ಹೊಡೆಯುವ ಸದ್ದು, ಅಕ್ಕನ ಕಿರುಚಾಟ, ಪಾಟಿಯ ಬೈಗುಳ. ಹಂಡೆ ಖಾಲಿಯಾಗಿ ಮತ್ತೆ ತುಂಬಿತು. ಎರಡನೇ ಹಂಡೆಗೂ ತಣ್ಣೀರು ಬೆರೆಸಬೇಕಾಯಿತು.

ಅಕ್ಕನನ್ನು ಬೆಚ್ಚಗೆ ಸುತ್ತಿ ಒಳಗೆ ಕಳಿಸಿದ ಮೇಲೆ ಪಾಟಿ ಕೂಗಿದರು, "ಮಗೂಗೆ ಯಾರು ಹಾಕ್ತೀರಾ? ನಾನಾ, ಅಜ್ಜೀನಾ?"

ಅಮ್ಮ ಬೀಗಿತ್ತಿಯ ಮುಖ ನೋಡಿದಳು. ಬಚ್ಚಲಲ್ಲಿ ತುಂಬಿದ್ದು ಬರೀ ನೀರಿನ ಹಬೆ. ಹೊಗೆಯ ವಾಸನೆ ಎಳ್ಳಷ್ಟೂ ಇರಲಿಲ್ಲ. ಅತ್ತೆ ತಾವೇ ಮಗುವನ್ನು ಎತ್ತಿ ಅಮ್ಮನ ಕೈಗೆ ಕೊಟ್ಟರು.

"ಹೋಗಿ ಬೀಗ್ರೇ. ನಿಮ್ ಮೊಮ್ಮಗಳು."

ಅಮ್ಮ ಸೀರೆ ಮೊಣಕಾಲಿಗೆ ಎತ್ತಿ, ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು. ಬಾಗಿಲು ಮುಚ್ಚಿತು. ನಾನು ಕೆಮ್ಮು ಬರುತ್ತದಾ ಅಂತ ಕಿವಿಗೊಟ್ಟು ನಿಂತೆ. ಮಗು ಅತ್ತಿತು. ನೀರು ಸುರಿಯಿತು. ಅಮ್ಮ ಮಗುವಿನ ಮೂಗು ತೀಡುತ್ತಾ ಅದೇನೋ ಲಲ್ಲೆಗರೆಯುತ್ತಿದ್ದಳು, ಉಸಿರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕೆಮ್ಮು ಬರಲೇ ಇಲ್ಲ.

ಮಧ್ಯಾಹ್ನ ಊಟ ಮುಗಿಸಿ ಅತ್ತೆ ಒಬ್ಬರೇ ಶಿವಮೊಗ್ಗಕ್ಕೆ ಹೋದರು. ಬಾಣಂತನ ನಮ್ಮಲ್ಲೇ ಆಯಿತು. ಇಷ್ಟೇ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.